ಕಣ್ಕಟ್ಟಿನ ಚಿತ್ರಗಳು: ಕರ್ನಾಟಕದಲ್ಲಿ ಅವುಗಳ ಇತಿಹಾಸ

ಕಣ್ಣಿಗೆ ಬಿದ್ದದ್ದು ಒಂದು, ಮನಸ್ಸು ಓದಿಕೊಂಡದ್ದು ಇನ್ನೊಂದು ಆಗುವಂತೆ ಮಾಡುವ ಶಿಲ್ಪ, ವರ್ಣಚಿತ್ರ, ಬೆಳಕಿನ ಬಿಂಬ ಮತ್ತು ಛಾಯಾಚಿತ್ರಗಳನ್ನು ಒಟ್ಟಾಗಿ ಕಣ್ಕಟ್ಟಿನ ಚಿತ್ರಗಳೆನ್ನಬಹುದು. ಶಾಸ್ತ್ರಗ್ರಂಥಗಳು ದೃಷ್ಟಿಭ್ರಮೆ ಎನ್ನುತ್ತವೆ. ಜಾತ್ರೆಯ ಗಾರುಡಿಗನ ಸುತ್ತ ನಿಂತವರು ಕಣ್ಕಟ್ಟು ಎನ್ನುತ್ತಾರೆ. ಬಯಲಿನಲ್ಲಿ ನೀರಿದ್ದಂತೆ ಓಡುವ ಬಿಸಿಗಾಳಿಯ ಆಟಕ್ಕೆ ಹಳಗನ್ನಡದಲ್ಲೇ ಬಿಸಿಲ್ಗುದುರೆ ಎಂಬ ಹೆಸರಿದೆ. ಹಗ್ಗವನ್ನು ಹಾವೆಂದು ಕಾಣುವ ದೃಷ್ಟಾಂತ ಅದ್ವೈತ ವೇದಾಂತದ ಮೂಲಕ ಮನೆಮಾತಾಗಿದೆ. ಭ್ರಮೆಯ ಕುರಿತ ಚಿಂತನೆ ಹೀಗೆ ಹಳೆಯದಾದರೂ, ಭ್ರಮೆ ಹುಟ್ಟಿಸುವ ವಸ್ತುಗಳ ದಾಖಲೆ ಕ್ರಮವಾಗಿ ಆದದ್ದಿಲ್ಲ. ವಸ್ತು ಸಾವಿರ ವರ್ಷದ್ದಿರುತ್ತದೆ, ಅದರ ಬಗೆಗಿನ ಕಥೆ ಮೊನ್ನೆಯದಿರುತ್ತದೆ. ಎರಡನ್ನೂ ಒಂದೇ ವಯಸ್ಸಿನವೆಂದು ಬರೆದುಬಿಟ್ಟದ್ದರಿಂದ ಈ ವಿಷಯದಲ್ಲಿ ಬಹಳಷ್ಟು ಗೊಂದಲ ಉಳಿದಿದೆ.

ಕರ್ನಾಟಕದಲ್ಲಿ ಉಳಿದಿರುವ ಹಳೆಯ ನಿದರ್ಶನಗಳಲ್ಲಿ ಒಂದು ಬಾದಾಮಿಯ ಒಂದನೆಯ ಗುಹೆಯಲ್ಲಿದೆ. ಬಾಗಿಲಿನ ಬಳಿ ತ್ರಿಶೂಲ ಹಿಡಿದು ನಿಂತ ಶೈವ ದ್ವಾರಪಾಲಕನ ಕೆಳಗೆ ಆನೆ ಮತ್ತು ಎತ್ತು ಸೇರಿದ ಒಂದು ಉಬ್ಬುಶಿಲ್ಪವಿದೆ. ಮೈಗಳು ಎರಡು, ತಲೆ ಒಂದೇ. ಎಡದಿಂದ ನೋಡಿದರೆ ಆನೆ, ಬಲದಿಂದ ನೋಡಿದರೆ ಎತ್ತು. ಒಂದು ಬದಿಯ ಮೈಯನ್ನು ಅಂಗೈಯಿಂದ ಮರೆಮಾಡಿದರೆ ಉಳಿದ ಪ್ರಾಣಿ ಯಾವ ಕೊರತೆಯೂ ಇಲ್ಲದೆ ನಿಲ್ಲುತ್ತದೆ. ಗೈಡುಗಳು ಮಾಡಿ ತೋರಿಸುವುದೂ ಇದನ್ನೇ. ಅದೇ ಬಂಡೆಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಅರಸ ಮಂಗಳೇಶನ ಶಾಸನವಿರುವುದರಿಂದ ಅದರ ಕಾಲ ಕ್ರಿ.ಶ. 578 ಎಂದು ಖಚಿತವಾಗಿದೆ. ಒಂದನೆಯ ಗುಹೆಗೆ ಅಂಥ ತೇದಿ ಇಲ್ಲ, ಶೈಲಿಯ ಆಧಾರದ ಮೇಲೆ ಆರನೆಯ ಶತಮಾನದ್ದೆಂದು ಎಣಿಸಲಾಗಿದೆ. ಗಜವೃಷಭ ಎಂದು ಹೆಸರಾದ ಈ ಮಾದರಿ ತಮಿಳುನಾಡಿನ ದಾರಾಸುರದಲ್ಲಿ ಹನ್ನೆರಡನೆಯ ಶತಮಾನದ ಐರಾವತೇಶ್ವರ ದೇಗುಲದ ಗೋಡೆಯಲ್ಲೂ ಹಂಪಿಯ ಕಂಬಗಳ ಮೇಲೂ ಕಾಣುತ್ತದೆ. ದಾರಾಸುರದ ಶಿಲ್ಪಕ್ಕೆ ಪ್ರಚಾರ ಹೆಚ್ಚು ಸಿಕ್ಕಿದ್ದರಿಂದ ಅದೇ ಮೊದಲನೆಯದೆಂಬ ಮಾತು ಹಬ್ಬಿದೆ. ಬಾದಾಮಿಯದು ಅದಕ್ಕಿಂತ ಐದಾರು ಶತಮಾನ ಹಿಂದಿನದು.

ಒಂದೇ ಗೆರೆಯನ್ನು ಎರಡು ರೀತಿ ಓದಿಸುವ ಇಂಥ ಚಿತ್ರಗಳಿಗೆ ಯುರೋಪಿನ ಮನೋವಿಜ್ಞಾನದಲ್ಲಿ ಹೆಸರಾಂತ ಉದಾಹರಣೆ ಬಾತು-ಮೊಲ. ಅದು ಮ್ಯೂನಿಕ್‌ನ ಹಾಸ್ಯಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1892ರಲ್ಲಿ. ನೆಕ್ಕರ್ ಘನ 1832ರದು, ಮುಲ್ಲರ್-ಲೈಯರ್ ಗೆರೆಗಳು 1889ರವು. ಇವುಗಳ ವಿವರ ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ಬಾತು-ಮೊಲದಲ್ಲಿ ಇಡೀ ಚಿತ್ರವೇ ಮಗುಚಿಕೊಳ್ಳುತ್ತದೆ, ಗಜವೃಷಭದಲ್ಲಿ ತಲೆಯೊಂದೇ ಮಗುಚಿಕೊಳ್ಳುತ್ತದೆ. ಮೈಗಳು ತಮ್ಮ ತಮ್ಮ ಪಾಡಿಗೆ ಇದ್ದು ಯಾವ ಓದು ಸರಿ ಎಂಬುದಕ್ಕೆ ಸಾಕ್ಷಿ ಹೇಳುತ್ತವೆ.

ಬಾದಾಮಿಯ ಅದೇ ಒಂದನೆಯ ಗುಹೆಯ ಹದಿನೆಂಟು ಕೈಗಳ ನಟರಾಜನ ಬಗ್ಗೆ, ಒಂಬತ್ತು ಎಡಗೈ ಮತ್ತು ಒಂಬತ್ತು ಬಲಗೈಗಳನ್ನು ಜೋಡಿಸಿದರೆ 81 ನೃತ್ಯಭಂಗಿಗಳಾಗುತ್ತವೆ ಎಂಬ ವಿವರಣೆ ಪ್ರಚಲಿತದಲ್ಲಿದೆ. ಲೆಕ್ಕವೇನೋ ಸರಿ. ಶಿಲ್ಪಿಯ ಮನಸ್ಸಿನಲ್ಲಿದ್ದದ್ದು ಅದೇ ಎನ್ನಲು ಮಗ್ಗಿಯ ಹೊರತು ಬೇರೆ ಆಧಾರವಿಲ್ಲ. ಹದಿನಾರನೆಯ ಶತಮಾನಕ್ಕೆ ಸೇರಿದ, ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಆಂಧ್ರದ ಲೇಪಾಕ್ಷಿಯಲ್ಲಿ ಒಂದೇ ಮೈಗೆ ಮೂರು ತಲೆ ಕೊಟ್ಟ ಹಸುವಿನ ಶಿಲ್ಪ ಗಜವೃಷಭದ ಜಾತಿಯದು. ಎರಡನ್ನು ಮುಚ್ಚಿದಾಗ ಮೂರನೆಯದು ಆ ಮೈಗೇ ಹುಟ್ಟಿದಂತೆ ಕಾಣುತ್ತದೆ.

ಹೊಯ್ಸಳರ ತಿರುಗಣೆ ಕಂಬಗಳು ಬೇರೆ ಬಗೆಯವು. ಬೇಲೂರು, ಹಳೇಬೀಡು, ಬೆಳವಾಡಿಗಳಲ್ಲಿ ಬಳಪದ ಕಲ್ಲನ್ನು ತಿರುಗಿಸಿ ಕಡೆದು ಕನ್ನಡಿಯಂತೆ ನಯಗೊಳಿಸಿದ ಕಂಬದ ಎದುರು ನಿಂತವರಿಗೆ ಉಬ್ಬಿದ ಬಳೆಯಲ್ಲಿ ತಮ್ಮ ನೆರಳು ನೇರವಾಗಿಯೂ ತಗ್ಗಿದ ಬಳೆಯಲ್ಲಿ ತಲೆಕೆಳಗಾಗಿಯೂ ಕಾಣುತ್ತದೆ. ಪೀನ ಮತ್ತು ನಿಮ್ನ ದರ್ಪಣಗಳ ಪಾಠ ಒಂದೇ ಕಂಬದ ಮೇಲೆ ಅಡಕವಾಗಿದೆ. ನಯಗಾರಿಕೆಗೆ ತಾನಾಗಿ ಬಂದ ಫಲ ಇದೆಂದು ಇಟ್ಟುಕೊಂಡರೆ ಸಾಕು.

ಅತಿ ಹೆಚ್ಚು ಚರ್ಚೆಗೆ ಒಳಗಾದದ್ದು ಹಂಪಿಯ ವಿರೂಪಾಕ್ಷ ದೇಗುಲದ ತಲೆಕೆಳಗಾದ ಗೋಪುರ. ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆಯೊಂದರಲ್ಲಿ ಪೂರ್ವದ ಗೋಡೆಗೆ ಸಣ್ಣ ಕಿಂಡಿಯಿದೆ. ಸುಮಾರು 50 ಮೀಟರ್ ಎತ್ತರದ ಪೂರ್ವ ಮಹಾದ್ವಾರದ ಗೋಪುರ, ಅಂದರೆ ಬಿಷ್ಟಪ್ಪಯ್ಯ ಗೋಪುರ, ಎದುರಿನ ಗೋಡೆಯ ಮೇಲೆ ತುದಿ ಕೆಳಗಾಗಿ ಮೂಡುತ್ತದೆ. ಹೊರಗಿನ ಬಿಸಿಲಿನಿಂದ ಒಳಹೊಕ್ಕವರಿಗೆ ಮೊದಲಿಗೆ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿದ್ದಂತೆ ಗೋಡೆಯ ಮೇಲೆ ಮಸುಕಾದ ಶಂಕುವೊಂದು ಇಳಿಬಿದ್ದಂತೆ ತೋರಿ, ಆಮೇಲೆ ಅದರ ಅಂತಸ್ತುಗಳ ಅಂಚು ಬಿಡಿಸಿಕೊಳ್ಳುತ್ತದೆ.

ಇದನ್ನು ಎಲ್ಲರೂ ಗೋಪುರದ ನೆರಳು ಎನ್ನುತ್ತಾರೆ. ಗೊಂದಲದ ಬೇರು ಇರುವುದು ಈ ಹೆಸರಿನಲ್ಲೇ. ನೆರಳು ತಲೆಕೆಳಗಾಗಿ ಬೀಳಲಾರದು. ನೆರಳೆಂದುಕೊಂಡವರಿಗೆ ಇದು ಪವಾಡವಾಗಿಯೇ ಕಾಣಬೇಕು. ನಿಜದಲ್ಲಿ ಇದು ಬಿಂಬ. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ಕಳಶದಿಂದ ಹೊರಟ ಕಿರಣ ಕಿಂಡಿಯನ್ನು ದಾಟಿ ಗೋಡೆಯ ಕೆಳಭಾಗಕ್ಕೂ, ಬುಡದಿಂದ ಹೊರಟದ್ದು ಮೇಲ್ಭಾಗಕ್ಕೂ ಬೀಳುತ್ತದೆ. ಪ್ರೌಢಶಾಲೆಯ ಮಕ್ಕಳು ರಟ್ಟಿನ ಡಬ್ಬಿಗೆ ತೂತು ಕೊರೆದು, ಇನ್ನೊಂದು ಬದಿಗೆ ಎಣ್ಣೆ ಕಾಗದ ಅಂಟಿಸಿ ಮಾಡುವ ಸೂಜಿರಂಧ್ರ ಕ್ಯಾಮೆರಾದ ತತ್ತ್ವವೂ ಇದೇ. ಆದರೂ ನೆರಳೆಂಬ ಹೆಸರು ಬಂದದ್ದಕ್ಕೆ ಕಾರಣವಿಲ್ಲದಿಲ್ಲ. ಕಿಂಡಿಗೆ ಎದುರಾಗಿರುವುದು ಗೋಪುರದ ಪಶ್ಚಿಮ ಮುಖ. ಬೆಳಗಿನ ಹೊತ್ತು ಆ ಮುಖಕ್ಕೆ ಬಿಸಿಲಿರುವುದಿಲ್ಲ, ಅದರ ಹಿಂದಿನ ಆಕಾಶ ಬೆಳಗುತ್ತಿರುತ್ತದೆ. ಹಾಗಾಗಿ ಬಿಂಬದಲ್ಲಿ ಗೋಪುರ ಕಪ್ಪಾಗಿ, ನೆರಳಿನಂತೆಯೇ ಬೀಳುತ್ತದೆ. ಹೊತ್ತು ಪಡುವಣಕ್ಕೆ ವಾಲಿದ ಮೇಲೆ ಬಿಂಬದಲ್ಲಿ ಮೈವಿವರ ಹೆಚ್ಚುತ್ತದೆ.

ಇದು ಬೇಕೆಂದೇ ಮಾಡಿದ್ದೋ ಆಕಸ್ಮಿಕವೋ ಎಂಬುದು ಇನ್ನೊಂದು ವಿವಾದ. ಬೇಕೆಂದೇ ಮಾಡಿದ್ದು ಎನ್ನುವವರು ಕಿಂಡಿ, ಗೋಡೆ, ಗೋಪುರ ಒಂದೇ ಸಾಲಿಗೆ ಬಂದಿರುವುದನ್ನು ತೋರಿಸುತ್ತಾರೆ. ಆದರೆ ದೇಗುಲದ ವಿನ್ಯಾಸದಲ್ಲಿ ಮಹಾದ್ವಾರದಿಂದ ಗರ್ಭಗುಡಿಯವರೆಗೆ ಎಲ್ಲವೂ ಹೇಗೂ ಒಂದೇ ಸಾಲಿನಲ್ಲಿರುತ್ತವೆ. ದೇಗುಲ ಒಂದೇ ಕಾಲದಲ್ಲಿ ಕಟ್ಟಿದ್ದೂ ಅಲ್ಲ. ಒಳಗಿನ ರಾಯಗೋಪುರ ಮತ್ತು ರಂಗಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿಗೆ 1510ರಲ್ಲಿ ಸೇರಿದವು. ಪೂರ್ವಗೋಪುರ ಅದಕ್ಕೂ ಹಿಂದಿನದಾಗಿದ್ದು ಮುಂದೆಯೂ ದುರಸ್ತಿ ಕಂಡಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ದೇಗುಲದ ದ್ವಾರ, ಅಂಗಳ, ದೀಪಗಳನ್ನೆಲ್ಲ ವರ್ಣಿಸುತ್ತಾನೆ, ಬಿಂಬದ ಸುದ್ದಿ ಎತ್ತುವುದಿಲ್ಲ. ಕತ್ತಲ ಕೋಣೆಯ ಬಿಂಬದ ತತ್ತ್ವ ಆ ಹೊತ್ತಿಗೆ ಲೋಕಕ್ಕೆ ಹೊಸದೇನಲ್ಲ. ಚೀನಾದ ಮೋಜಿಯ ಪಂಥದವರು ಕ್ರಿಸ್ತಪೂರ್ವದಲ್ಲೇ ಅದನ್ನು ಗುರುತಿಸಿದ್ದರು. ಹನ್ನೊಂದನೆಯ ಶತಮಾನದಲ್ಲಿ ಇಬ್ನ್ ಅಲ್-ಹೈತಮ್ ಗ್ರಹಣದ ಸೂರ್ಯನ ಬಿಂಬದ ಮೇಲೆ ಗ್ರಂಥವನ್ನೇ ಬರೆದ. ಗೊತ್ತಿರುವ ಸಂಗತಿಗಳನ್ನು ತೂಗಿದರೆ, ಗಾಳಿ-ಬೆಳಕಿಗೆ ಬಿಟ್ಟ ಕಿಂಡಿಯೊಂದು ಗೋಪುರವನ್ನು ಒಳಕ್ಕೆ ತಂದಿತು, ಬಳಿಕ ಯಾರೋ ಅದನ್ನು ಕಂಡು ಉಳಿಸಿಕೊಂಡರು ಎನ್ನುವುದೇ ಹೆಚ್ಚು ಸಂಭವನೀಯ.

ಇಂಥ ಕಿಂಡಿಗಳನ್ನು ಯಾರೂ ಕೊರೆಯಬೇಕಾಗಿಲ್ಲ ಎಂಬುದಕ್ಕೆ ಕೊಡಗಿನ ಕಾಫಿತೋಟಗಳೇ ಸಾಕ್ಷಿ. ವಿರಾಜಪೇಟೆ ಸಮೀಪದ ಬಿಟ್ಟಂಗಾಲದಂಥ ಊರುಗಳಲ್ಲಿ ಕಾಫಿ ಗಿಡಗಳು ಎತ್ತರದ ನೆರಳುಮರಗಳ ಅಡಿಯಲ್ಲಿ ಬೆಳೆಯುತ್ತವೆ. ಎಲೆಗಳ ನಡುವಿನ ಸಂದಿ ಮೂರು ಮೂಲೆಯದಿರಲಿ, ಸೀಳಿನಂತಿರಲಿ, ಸಂದಿ ಸಣ್ಣದಾಗಿ ಎತ್ತರದಲ್ಲಿದ್ದರೆ ನೆಲದ ಮೇಲೆ ಬೀಳುವ ಬಿಸಿಲಚುಕ್ಕೆ ದುಂಡಗೇ ಇರುತ್ತದೆ. ಅದು ಸಂದಿಯ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣದ ಪಥ ಕಾಸರಗೋಡಿನ ಚೆರುವತ್ತೂರಿನ ಕಡೆಯಿಂದ ಭಾರತದ ನೆಲಕ್ಕೆ ಬಂದು ದಕ್ಷಿಣ ಕೊಡಗನ್ನು ಹಾದುಹೋಯಿತು. ಕುಟ್ಟದ ಬಳಿಯ ಕಾಯಿಮನಿ ಗ್ರಹಣ ನೋಡುವವರ ತಾಣವಾಯಿತು. ಬೆಳಿಗ್ಗೆ ಒಂಬತ್ತೂವರೆಯ ಆಸುಪಾಸಿನ ಆ ಕೆಲವು ನಿಮಿಷ, ಮರದಡಿಯ ದುಂಡು ಚುಕ್ಕೆಗಳು ಒಂದೊಂದೂ ಬಳೆಯಾಗುವ ಹೊತ್ತು. ಅರೇಬಿಕಾ ಕುಯ್ಲಿನ ಕಾಲವಾದ್ದರಿಂದ ಹಣ್ಣು ಕೊಯ್ಯುವವರ ಬುಟ್ಟಿಯ ಮೇಲೂ ಬೀಳಬಹುದಾಗಿದ್ದ ಈ ಬಳೆಗಳು ವಿರೂಪಾಕ್ಷದ ಬಿಂಬಕ್ಕೆ ಖಾಸಾ ನೆಂಟರು.

ಕೊಡಗಿನಲ್ಲಿ ಮನುಷ್ಯರು ಮಾಡಿದ ಕಣ್ಕಟ್ಟಿಗೆ ಹೆಸರಾದದ್ದು ಮಡಿಕೇರಿ ಕೋಟೆಯೊಳಗಿನ ಎರಡು ಗಾರೆಯ ಆನೆಗಳು. ನಿಜಗಾತ್ರದ ಇವು ಮಂಜು ಮುಸುಕಿದ ದಿನ ದೂರದಿಂದ ನೋಡಿದವರನ್ನು ಒಂದು ಗಳಿಗೆ ನಿಲ್ಲಿಸುತ್ತವೆ. ಹಾಲೇರಿ ಅರಸನೊಬ್ಬ ಕೋಪದಲ್ಲಿ ಕೊಲ್ಲಿಸಿದ ಆನೆಗಳ ನೆನಪಿಗೆ ಇವನ್ನು ಮಾಡಿಸಿದನೆಂಬ ಐತಿಹ್ಯವಿದೆ. ಅದನ್ನು ಐತಿಹ್ಯವಾಗಿಯೇ ಇಟ್ಟುಕೊಳ್ಳುವುದು ಕ್ಷೇಮ.

ಕ್ಯಾಮೆರಾ ಬಂದ ಮೇಲೆ ಕಣ್ಕಟ್ಟಿನ ಸ್ವರೂಪ ಬದಲಾಯಿತು. ಅಲ್ಲಿಯವರೆಗೆ ಮೋಸ ಹೋಗುವವನು ವಸ್ತುವಿನ ಎದುರಿಗೇ ಇರುತ್ತಿದ್ದ, ಎರಡು ಹೆಜ್ಜೆ ಸರಿದು ನಿಂತರೆ ಗುಟ್ಟು ರಟ್ಟಾಗುತ್ತಿತ್ತು. ಛಾಯಾಚಿತ್ರದಲ್ಲಿ ಸರಿದು ನಿಲ್ಲಲು ಜಾಗವಿಲ್ಲ. ಹಂಪಿಯ ಮಟ್ಟಿಗೆ ಈ ಬದಲಾವಣೆಯ ವರ್ಷ 1856. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಆ ವರ್ಷ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಾಳು ಹಂಪಿಯನ್ನು ಸೆರೆಹಿಡಿದ. ಹೊರಜಗತ್ತು ಮರೆತೇಬಿಟ್ಟಿದ್ದ ಈ ನೆಗೆಟಿವ್‌ಗಳು ಬೆಳಕಿಗೆ ಬಂದದ್ದು 1980ರ ಸುಮಾರಿಗೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲೇ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು.

ಈ ಜೋಡಿಚಿತ್ರಗಳಲ್ಲಿ ವಿಠ್ಠಲ ದೇಗುಲದ ಕಲ್ಲಿನ ರಥ ನೋಡುವವರನ್ನು ಬೆಚ್ಚಿಸುತ್ತದೆ. 1856ರ ರಥದ ನೆತ್ತಿಯ ಮೇಲೆ ಇಟ್ಟಿಗೆ-ಗಾರೆಯ ಶಿಖರವಿದೆ. ಇಂದಿನ ರಥದ ಮೇಲೆ ಅದಿಲ್ಲ. ಐವತ್ತು ರೂಪಾಯಿಯ ನೋಟಿನ ಚಿತ್ರಕ್ಕೆ ಒಗ್ಗಿದ ಕಣ್ಣಿಗೆ ಹಳೆಯ ಚಿತ್ರವೇ ಯಾರೋ ತಿದ್ದಿದ್ದೆಂಬಂತೆ ತೋರುತ್ತದೆ. ನಿಜ ಸಂಗತಿ ತಿರುಗುಮುರುಗಾಗಿದೆ: ಚಿತ್ರ ಬದಲಾಗಲಿಲ್ಲ, ಶಿಥಿಲವಾಗಿದ್ದ ಶಿಖರವನ್ನು ಆಮೇಲೆ ತೆಗೆದುಹಾಕಲಾಯಿತು. ರಥವೇ ಒಂದು ಕಣ್ಕಟ್ಟು. ಅದು ಏಕಶಿಲೆಯದೆಂದು ಹಲವು ಪ್ರವಾಸಿ ಪುಸ್ತಕಗಳು ಬರೆದಿವೆ. ವಾಸ್ತವದಲ್ಲಿ ಅದು ಹಲವು ಗ್ರಾನೈಟ್ ದಿಮ್ಮಿಗಳನ್ನು ಜೋಡಿಸಿ, ಬೆಸುಗೆಯ ಗೆರೆಗಳನ್ನು ಕೆತ್ತನೆಯಲ್ಲಿ ಅಡಗಿಸಿದ ಗರುಡನ ಗುಡಿ. ಅದನ್ನು ಎಳೆಯುವಂತೆ ನಿಂತ ಆನೆಗಳೂ ಮೂಲದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು ಮತ್ತು ಬಾಲದ ಉಳಿಕೆ ಕಾಣುತ್ತದೆ.

ಗ್ರೀನ್‌ಲಾನ ಚಿತ್ರಗಳು ಇನ್ನೊಂದು ತಪ್ಪು ಕಲ್ಪನೆಗೂ ದಾರಿಮಾಡಿವೆ. ಅವುಗಳಲ್ಲಿ ಜನರು ಬಹುಮಟ್ಟಿಗೆ ಇಲ್ಲ. ಕಾಗದದ ನೆಗೆಟಿವ್‌ಗೆ ಬೆಳಕು ತಾಗಲು ನಿಮಿಷಗಟ್ಟಲೆ ಬೇಕಾಗಿತ್ತು. ಅಷ್ಟು ಹೊತ್ತಿನಲ್ಲಿ ಅತ್ತಿತ್ತ ಸುಳಿದವರು ಚಿತ್ರದಲ್ಲಿ ಉಳಿಯುವುದಿಲ್ಲ. ಹಂಪಿಯನ್ನು ಪೂರ್ತಿ ನಿರ್ಜನವೆಂದು ಈ ಚಿತ್ರಗಳ ಆಧಾರದ ಮೇಲೆ ಹೇಳುವಂತಿಲ್ಲ. ವಿರೂಪಾಕ್ಷನ ಪೂಜೆ ಅಂದೂ ನಡೆದೇ ಇತ್ತು.

ವರ್ಣಚಿತ್ರದ ಕ್ಷೇತ್ರದಲ್ಲಿ ದಾಖಲೆ ತೀರ ಕಲಸಿಹೋಗಿರುವುದು ಮೈಸೂರಿನ ಜಗನ್ಮೋಹನ ಅರಮನೆಯ ದೀಪ ಹಿಡಿದ ಮಹಿಳೆಯ ಚಿತ್ರದ ವಿಷಯದಲ್ಲಿ. ಮಬ್ಬುಗತ್ತಲಿನ ಕೋಣೆಯಲ್ಲಿ ತೂಗುಹಾಕಿದ ಈ ಚಿತ್ರದ ಹಿಂದೆ ಬಲ್ಬು ಉರಿಯುತ್ತಿದೆಯೇ ಎಂದು ಚೌಕಟ್ಟಿನ ಅಂಚಿಗೆ ಕಣ್ಣಿಟ್ಟು ನೋಡುವವರು ಇಂದಿಗೂ ಇದ್ದಾರೆ. ಇದು ರಾಜಾ ರವಿವರ್ಮನದೆಂದು ಕ್ಯಾಲೆಂಡರು, ಗೈಡು, ಶುಭಾಶಯ ಪತ್ರಗಳೆಲ್ಲ ದಶಕಗಳ ಕಾಲ ಸಾರಿವೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ರಚನೆಯಾದದ್ದು 1945-46ರಲ್ಲಿ. ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್ (1882–1968). ದೀಪಾವಳಿಯ ಹೊತ್ತಿನಲ್ಲಿ ದೀಪ ಹಿಡಿದು ನಿಂತ ಅವರ ಮೂರನೆಯ ಮಗಳೇ ರೂಪದರ್ಶಿ. ಅದೇ ಅರಮನೆಯಲ್ಲಿ ರವಿವರ್ಮನ ಹಲವು ತೈಲಚಿತ್ರಗಳಿರುವುದೇ ತಪ್ಪು ಹೆಸರು ಅಂಟಿಕೊಳ್ಳಲು ಕಾರಣವಾಗಿರಬೇಕು.

ತೈಲಚಿತ್ರವೆಂದು ಕರೆಯುವುದೂ ತಪ್ಪೇ, ಇದು ಜಲವರ್ಣ. ಬೆಳಕಿನ ಗುಟ್ಟು ಅದರಲ್ಲೇ ಇದೆ. ಜಲವರ್ಣದಲ್ಲಿ ಬಿಳುಪನ್ನು ಬಳಿಯುವುದಿಲ್ಲ, ಕಾಗದವನ್ನೇ ಬರಿದಾಗಿ ಬಿಡಬೇಕು. ಒಮ್ಮೆ ಬಣ್ಣ ತಾಗಿದರೆ ಬೆಳಕು ಹೋಯಿತು. ಹಳದಣಕರ್ ದೀಪದ ಸುತ್ತ ತೆಳುವಾಗಿಯೂ ದೂರ ಸರಿದಂತೆ ದಟ್ಟವಾಗಿಯೂ ಬಣ್ಣ ಹಾಕಿದ್ದಾರೆ. ಜ್ವಾಲೆ ಗಾಳಿಗೆ ಆರದಂತೆ ಮರೆಹಿಡಿದ ಕೈಯ ಬೆರಳ ಸಂದಿಗಳು ಕೆಂಪಗಿವೆ. ದೀಪಕ್ಕೆ ಕೈ ಅಡ್ಡ ಹಿಡಿದ ಯಾರೂ ಆ ಕೆಂಪನ್ನು ಕಂಡಿರುತ್ತಾರೆ. ಅದನ್ನು ಗುರುತಿಸಿದ ಕೂಡಲೆ ಉಳಿದ ಬೆಳಕನ್ನು ಮನಸ್ಸೇ ಸೇರಿಸಿಕೊಳ್ಳುತ್ತದೆ.

ಇಪ್ಪತ್ತನೆಯ ಶತಮಾನದ ಉಳಿದ ಭಾಗ ಸ್ಟುಡಿಯೋಗಳ ಮತ್ತು ಸಿನಿಮಾದ ಕಾಲ. ಜಾತ್ರೆಯ ಫೋಟೋ ಅಂಗಡಿಗಳಲ್ಲಿ ಬಟ್ಟೆಯ ಪರದೆಯ ಮೇಲೆ ಬರೆದ ವಿಮಾನ, ಚಂದ್ರ, ಕಾರುಗಳ ಮುಂದೆ ಜನ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅಲ್ಲಿ ಮೋಸ ಹೋಗುವವರು ಯಾರೂ ಇರಲಿಲ್ಲ, ಎಲ್ಲರೂ ಆಟದಲ್ಲಿ ಪಾಲುದಾರರು. ದ್ವಿಪಾತ್ರದ ಸಿನಿಮಾಗಳು ಇದಕ್ಕಿಂತ ಬಿಗಿಯಾದ ಕೆಲಸ. ಮಸೂರದ ಅರ್ಧಕ್ಕೆ ಮರೆಯಿಟ್ಟು ನಟನ ಒಂದು ಪಾತ್ರವನ್ನು ಚಿತ್ರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ತೆರೆದು ಎರಡನೆಯ ಪಾತ್ರವನ್ನು ಚಿತ್ರಿಸಬೇಕು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ನಡುವೆ ಗೆರೆ ಬಿದ್ದು ಶ್ರಮವೆಲ್ಲ ವ್ಯರ್ಥ. 1977ರ ‘ಬಭ್ರುವಾಹನ’ದಲ್ಲಿ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ರಾಜಕುಮಾರ್ ಎದುರುಬದುರು ನಿಲ್ಲುವ ದೃಶ್ಯಗಳು ಈ ತಂತ್ರದ ಕನ್ನಡದ ಹೆಸರುವಾಸಿ ನಿದರ್ಶನ.

ಅದೇ ಶತಮಾನದ ಕೊನೆಗೆ ಕ್ಯಾಮೆರಾ ಕಣ್ಕಟ್ಟನ್ನು ಬಿಡಿಸುವ ಸಾಧನವೂ ಆಯಿತು. ಹುಲಿಯ ಪಟ್ಟೆಗಳು ಪೊದೆಯ ಬೆಳಕು-ನೆರಳಿನಲ್ಲಿ ಅದನ್ನು ಕರಗಿಸಿಬಿಡುತ್ತವೆ. ಆದರೆ ಆ ಪಟ್ಟೆಗಳು ಒಂದು ಹುಲಿಯಂತೆ ಇನ್ನೊಂದಕ್ಕಿಲ್ಲ. ಕೊಡಗು ಮತ್ತು ಮೈಸೂರು ಜಿಲ್ಲೆಗಳಿಗೆ ಹರಡಿದ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಕಾಡುಹಾದಿಗಳ ಪಕ್ಕ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾಗಳನ್ನಿಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಸಂಖ್ಯೆ ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಪಟ್ಟೆಗಳನ್ನು ಕಂಪ್ಯೂಟರಿನ ಮೂರು ಆಯಾಮದ ಮಾದರಿಯ ಮೇಲೆ ಹೊದಿಸಿ, ಜೀವಂತ ಹುಲಿಯ ಚಿತ್ರವನ್ನು ಕಳ್ಳಬೇಟೆಯಲ್ಲಿ ಸಿಕ್ಕ ಚರ್ಮದೊಂದಿಗೆ ತಾಳೆ ನೋಡುವ ತಂತ್ರದ ವರದಿ 2009ರಲ್ಲಿ ಬಂತು. ಅಡಗಿಸಲೆಂದು ಇದ್ದ ಗೆರೆಯೇ ಗುರುತಿನ ಚೀಟಿಯಾಯಿತು.

2010ರ ನಂತರ ಮೊಬೈಲು ಮತ್ತು ಸಾಮಾಜಿಕ ಜಾಲತಾಣಗಳಿಂದಾಗಿ ಇಂಥ ಚಿತ್ರಗಳ ಸಂಖ್ಯೆ ಎಣಿಕೆಗೆ ಮೀರಿದೆ. 2015ರಲ್ಲಿ ಒಂದೇ ಉಡುಪು ಕೆಲವರಿಗೆ ನೀಲಿ-ಕಪ್ಪಾಗಿ, ಕೆಲವರಿಗೆ ಬಿಳಿ-ಚಿನ್ನದ ಬಣ್ಣವಾಗಿ ಕಂಡ ಫೋಟೋ ಲೋಕವನ್ನೇ ಸುತ್ತಿತು. ಕರ್ನಾಟಕದಿಂದ ಹೊರಟವುಗಳಲ್ಲಿ ದಾಖಲಿಸಬೇಕಾದವು ಎರಡು.

ಮೊದಲನೆಯದು ಕಲಾವಿದ ಬಾದಲ್ ನಂಜುಂಡಸ್ವಾಮಿಯವರ 2019ರ ಸೆಪ್ಟೆಂಬರ್‌ನ ವಿಡಿಯೋ. ಬೆಂಗಳೂರಿನ ಹೇರೋಹಳ್ಳಿ ಕಡೆಯ ಗುಂಡಿಬಿದ್ದ ರಸ್ತೆಯಲ್ಲಿ, ರಾತ್ರಿ ಹೊತ್ತು, ಗಗನಯಾತ್ರಿಯ ಉಡುಗೆ ತೊಟ್ಟ ನಟ ಪೂರ್ಣಚಂದ್ರ ಮೈಸೂರು ಭಾರವಿಲ್ಲದವರಂತೆ ಹೆಜ್ಜೆ ಹಾಕುತ್ತಾರೆ. ಕತ್ತಲು ಆಕಾಶವನ್ನೂ ಮನೆಗಳನ್ನೂ ನುಂಗಿರುವುದರಿಂದ ಗುಂಡಿಗಳು ಚಂದ್ರನ ಕುಳಿಗಳಾಗುತ್ತವೆ. ಕೆಲವೇ ಕ್ಷಣಗಳಲ್ಲಿ ಪಕ್ಕದಲ್ಲಿ ಆಟೋ ಹಾದುಹೋಗಿ ಭ್ರಮೆ ಒಡೆಯುತ್ತದೆ. ಅದೇ ವಾರ ಚಂದ್ರಯಾನ-2ರ ಲ್ಯಾಂಡರ್ ಇಳಿಯುವುದಿತ್ತು. ರಸ್ತೆಯ ದುರಸ್ತಿ ಕೂಡಲೆ ನಡೆಯಿತು. ಕಣ್ಕಟ್ಟಿನ ಚಿತ್ರವೊಂದರಿಂದ ಡಾಂಬರು ಬಿದ್ದ ಪ್ರಸಂಗಗಳು ಹೆಚ್ಚಿಲ್ಲ.

ಎರಡನೆಯದು ಛಾಯಾಗ್ರಾಹಕ ಮಿಥುನ್ ಎಚ್. ಕಬಿನಿಯಲ್ಲಿ ತೆಗೆದು 2020ರ ಜುಲೈನಲ್ಲಿ ಹಂಚಿಕೊಂಡ ಚಿರತೆಯ ಚಿತ್ರ. ಮರಗಳ ನಡುವೆ ಚುಕ್ಕೆ ಚಿರತೆಯೊಂದು ಕ್ಯಾಮೆರಾವನ್ನೇ ನೋಡುತ್ತಿದೆ, ಅದರ ಬೆನ್ನಿಗೆ ಅದರದೇ ನೆರಳು ಎದ್ದು ನಿಂತಿದೆ. ಆ ನೆರಳಿಗೂ ಎರಡು ಕಣ್ಣುಗಳಿವೆ ಎಂದು ತಿಳಿಯುವುದು ಎರಡನೆಯ ನೋಟಕ್ಕೆ. ಹಿಂದಿರುವುದು ಸಾಯಾ ಎಂದು ಹೆಸರಾದ ಕರಿಚಿರತೆ, ಮುಂದಿರುವುದು ಕ್ಲಿಯೋಪಾತ್ರ ಎಂದು ಕರೆಯಲಾದ ಅದರ ಜೊತೆಗಾತಿ. ಸಾಯಾ ಎಂದರೆ ನೆರಳೆಂದೇ ಅರ್ಥ. ಇಬ್ಬರೂ ಒಂದೇ ನಿಲುವಿನಲ್ಲಿ ಸಿಗುವ ಗಳಿಗೆಗಾಗಿ ಛಾಯಾಗ್ರಾಹಕರು ಆರು ದಿನ ಒಂದೇ ಜಾಗದಲ್ಲಿ ಕಾದದ್ದಾಗಿ ಹೇಳಿಕೊಂಡಿದ್ದಾರೆ.

ಈ ಚಿತ್ರ ತಿದ್ದಿದ್ದೆಂಬ ಅನುಮಾನ ಆಗ ಎದ್ದಿತ್ತು. ಬೇರೆ ಆಧಾರಗಳು ಅದನ್ನು ಅಲ್ಲಗಳೆಯುತ್ತವೆ. ಸಾಯಾನನ್ನು ವನ್ಯಜೀವಿ ಛಾಯಾಗ್ರಾಹಕ ಶಾಜ್ ಜಂಗ್ ಹಲವು ವರ್ಷ ಹಿಂಬಾಲಿಸಿ ಚಿತ್ರೀಕರಿಸಿದ್ದು, ಆ ಕುರಿತ ಸಾಕ್ಷ್ಯಚಿತ್ರವೂ 2020ರಲ್ಲೇ ಬಂದಿದೆ. ಕರಿಚಿರತೆ ಬೇರೆ ಜಾತಿಯೂ ಅಲ್ಲ. ಅಪ್ಪ-ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ತೋರುವ ವಂಶವಾಹಿಯೊಂದರ ಬದಲಾವಣೆಯಿಂದ ತೊಗಲಿನ ಕಪ್ಪು ಹೆಚ್ಚಾದ ಚಿರತೆ ಅಷ್ಟೆ. ಚುಕ್ಕೆಗಳು ಅಳಿಸಿಹೋಗಿರುವುದಿಲ್ಲ: ಓರೆಬಿಸಿಲಿನಲ್ಲಿ ನಸುವಾಗಿಯೂ, ರಾತ್ರಿಯ ಅವಕೆಂಪು ಕ್ಯಾಮೆರಾದಲ್ಲಿ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿಯೂ ಮೈಮೇಲೆ ಕಾಣಿಸಿಕೊಳ್ಳುತ್ತವೆ.